ಒಂದ ಹೊಲ, ಹತ್ತಾರು ತಳಿ, ಒಂದ ಟಾಂಕಿ: ಹಳೇ ಬಳ್ಳಿಯ ‘ಫೀಲ್ಡ್ ಬ್ಲೆಂಡ್’ ಕೆಂಪು ವೈನ್ ಹ್ಯಾಂಗ ಆಗ್ತದ

ಹೋದ ವಾರ ನಮ್ಮ ದ್ರಾಕ್ಷಿ ಬೆಳೆಗಾರರ ವಾಟ್ಸಾಪ್ ಗ್ರೂಪಿನ್ಯಾಗ ಒಂದು ವಿಡಿಯೊ ಬಿತ್ತು. ಕಳಿಸಿದಂವ ನಮ್ಮ ಅಕ್ಕನ ಮಗ. ನಾಶಿಕದಾಗ ವೈನರಿ ಕೆಲಸ ಮಾಡ್ತಾನ, ಈ ಸಲ ಹಂಗಾಮಿಗಂತ ಕ್ಯಾಲಿಫೋರ್ನಿಯಾದ ಲೋಡಾಯ್ ಅನ್ನೂ ಊರಿಗೆ ಹೋಗ್ಯಾನ. ವಿಡಿಯೊದಾಗ ತಂತಿ ಇಲ್ಲ, ಮಂಡಪ ಇಲ್ಲ, ಆ್ಯಂಗಲ್ ಇಲ್ಲ, ಬರೇ ಉಸುಕಿನ ನೆಲದಾಗ ಹಳೇ ಜಾಲಿ ಗಿಡದ ಬೊಡ್ಡಿ ಹಂಗ ತಿರುಚಿಕೊಂಡ ದ್ರಾಕ್ಷಿ ಗಿಡ, ಒಂದೊಂದೂ ಒಬ್ಬಂಟಿ ನಿಂತಾವ. ‘ಮಾಮಾ, ಇವು ನೂರು ವರ್ಷ ದಾಟಿದ ಗಿಡ. ಒಂದ ಸಾಲಿನ್ಯಾಗ ನಾಕೈದು ತಳಿ ಅವ, ಎಲ್ಲಾ ಕೂಡೇ ಹರದು ಒಂದ ಟಾಂಕಿಗೆ ಹಾಕ್ತಾರ’ ಅಂತ ಹೇಳ್ಕೋತ ನಡದಾನ.

ಗ್ರೂಪಿನ್ಯಾಗ ಗದ್ದಲ ಎದ್ದಿತು. ಯಾಕಂದ್ರ ದಕ್ಷಿಣ ಸೋಲಾಪುರದ ನಮ್ಮ ಕಡಿ ಇದು ಅಕ್ಟೋಬರ್ ಛಾಟಣಿಗೆ (ಕಡ್ಡಿ ಕತ್ತರಸೂದಕ್ಕ) ಖರ್ಚ್ ಹಾಕೂದೋ ಇಲ್ಲಾ ಜೆಸಿಬಿ ತಂದು ಬಾಗ ಕಿತ್ತಿ ಒಗಿಯೂದೋ ಅಂತ ಲೆಕ್ಕ ಹಾಕೂ ಹೊತ್ತು, ಹದಿನಾಲ್ಕು ವರ್ಷದ ಬಾಗಕ್ಕ ‘ಮುದಿ ಆತು’ ಅಂತೀವಿ, ಅಲ್ಲಿ ನೂರು ವರ್ಷದ ಗಿಡದ ಹಣ್ಣಿಗೆ ಜಾಸ್ತಿ ರೇಟ್ ಕೊಡ್ತಾರಂತ, ಇದೇನು ಲೆಕ್ಕ, ನಮ್ಮ ಹಳೇ ಥಾಮ್ಸನ್ ದ್ರಾಕ್ಷಿದಿಂದ ಇಂಥಾ ವೈನ್ ಆಗೂದಿಲ್ಲೇನು, ತಳಿ ಕಲಬೆರಕಿ ಆದ್ರ ಮಾಲ್ ರಿಜೆಕ್ಟ್ ಆಗ್ತದಲ್ಲ, ಹಿಂಗ ಒಂದಕ್ಕ ಹತ್ತು ಪ್ರಶ್ನೆ. ನಾನೂ ಎರಡು ಹಂಗಾಮ ನಾಶಿಕ ಕಡಿ ಒಂದು ವೈನರಿಯೊಳಗ ಟಾಂಕಿ ತೊಳದಂವ, ಪೈಪ್ ಹೊತ್ತಂವ. ಅದಕ್ಕ ವಾಯ್ಸ್ ಮೆಸೇಜ್ ಬಿಟ್ಟು ಒಂದ ಕಡಿ ಬರದ ಬಿಡೋಣು ಅಂತ ಕುಂತೀನಿ.

ಮೊದಲ ಶಬ್ದ ತಿಳ್ಕೊಳ್ಳೋಣು

ಫೀಲ್ಡ್ ಬ್ಲೆಂಡ್ ಅಂದ್ರ ಹೊಲದಾಗ ಆದ ಮಿಶ್ರಣ. ಸಾಮಾನ್ಯ ವೈನರಿಯೊಳಗ ಒಂದೊಂದು ತಳಿ ಬ್ಯಾರೆ ಬ್ಯಾರೆ ಹರದು, ಬ್ಯಾರೆ ಬ್ಯಾರೆ ಟಾಂಕಿನ್ಯಾಗ ವೈನ್ ಮಾಡಿ, ಆಮ್ಯಾಲ ರುಚಿ ನೋಡ್ಕೋತ ಇದರದು ಇಷ್ಟು ಅದರದು ಅಷ್ಟು ಅಂತ ಕೂಡಸ್ತಾರ. ಫೀಲ್ಡ್ ಬ್ಲೆಂಡ್‌ದಾಗ ಹಂಗಲ್ಲ, ಹೊಲದಾಗ ಹಚ್ಚೂ ಮುಂದನ ತಳಿ ಕೂಡಿಸಿರ್ತಾರ, ಕೂಡೇ ಹರೀತಾರ, ಕೂಡೇ ಹುದುಗು ಬರಸ್ತಾರ.

ಎಳ್ಳಮಾಸಿಗೆ ಮಾಡೂ ಭಜ್ಜಿ ನೆನಸ್ಕೋರಿ. ಅವರಿ, ತೊಗರಿ, ಕಡಲಿ, ಶೇಂಗಾ, ಮೆಂತ್ಯೆ, ಹೊಲದಾಗ ಸಿಕ್ಕ ಸೊಪ್ಪು ಎಲ್ಲಾ ಒಂದ ಗಡಗಿಗೆ ಹಾಕಿ ಕುದಸ್ತೀವಿ. ಈಗ ಅದನ್ನ ಒಂದೊಂದೂ ಬ್ಯಾರೆ ಪಲ್ಯ ಮಾಡಿ ಊಟದ ಹೊತ್ತಿಗೆ ತಾಟಿನ್ಯಾಗ ಕಲಸಿದ್ರ ಅದೇ ರುಚಿ ಬರ್ತದೇನು? ಸಾಮಾನು ಅದೇ, ಆದ್ರ ಕುದಿಯೂ ಮುಂದ ಒಂದರ ರಸ ಇನ್ನೊಂದಕ್ಕ ಹತ್ತಿರ್ತದಲ್ಲ, ಅದು ತಾಟಿನ್ಯಾಗ ಸಿಗೂದಿಲ್ಲ.

ಇನ್ನ ‘ಹಳೇ ಬಳ್ಳಿ’ ಅಂದ್ರ ಎಷ್ಟು ಹಳೇದು? ಭಾಳ ವರ್ಷ ಇದಕ್ಕ ಒಂದು ಲೆಕ್ಕಾನ ಇದ್ದಿಲ್ಲ, ಬಾಟ್ಲಿ ಮ್ಯಾಲ ಯಾರು ಏನ್ ಬೇಕಾದ್ರೂ ಬರ್ಕೊಂತಿದ್ರು. ಆಸ್ಟ್ರೇಲಿಯಾದ ಬರೋಸಾ ಕಣಿವಿಯವ್ರು 2009ರಾಗ ತಮ್ಮದೊಂದು ಪಟ್ಟಿ ಮಾಡ್ಕೊಂಡ್ರು. 35 ವರ್ಷ ದಾಟಿದ್ರ ಹಳೇದು, 70ಕ್ಕ ಒಂದು ಹೆಸರು, 100ಕ್ಕ ಒಂದು, 125ಕ್ಕ ಇನ್ನೊಂದು. ವೈನ್ ವಿಷಯದ ಅಂತರರಾಷ್ಟ್ರೀಯ ಸಂಸ್ಥೆ ಓಐವಿ 2024ರಾಗ 35 ವರ್ಷ ಅಂತನ ಗೆರಿ ಹಾಕಿತು. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಹಳೇ ಬಾಗ ಎಲ್ಲಾ ಫೀಲ್ಡ್ ಬ್ಲೆಂಡ್ ಅಲ್ಲ. ಅದೇ ಲೋಡಾಯ್‌ದಾಗ ಬೆಕ್ಟೋಲ್ಡ್ ಅನ್ನೂ ಬಾಗ 1886ರಾಗ ಹಚ್ಚಿದ್ದು, ಆದ್ರ ಅಲ್ಲಿ ಇರೂದು ಸಿನ್ಸೋ ಅನ್ನೂ ಒಂದ ತಳಿ.

ಆಗಿನ ಮಂದಿ ಯಾಕ ಕೂಡಿಸಿ ಹಚ್ಚಿದ್ರು

ನಮ್ಮ ಅಜ್ಜಗೋಳು ಜ್ವಾಳದಾಗ ತೊಗರಿ ಅಕ್ಕಡಿ ಯಾಕ ಹಾಕ್ತಿದ್ರು ಅಂತ ಕೇಳಿದಂಗಾತು ಇದು. ಒಂದು ಹೋದ್ರ ಇನ್ನೊಂದು ಕೈ ಹಿಡೀತದ. ಒಂದು ತಳಿ ಮಳಿಗೆ ಕೊಳೀತದ, ಇನ್ನೊಂದರ ಸಿಪ್ಪಿ ದಪ್ಪ ಇರ್ತದ. ಒಂದು ಹೂವಿನ ಹೊತ್ತಿಗೆ ಥಂಡಿ ಬಿದ್ದ್ರ ಉದರ್ತದ, ಇನ್ನೊಂದು ತಡಾ ಚಿಗೀತದ, ಅದಕ್ಕ ಉಳೀತದ. ಆಗ ಲ್ಯಾಬ್ ಇದ್ದಿಲ್ಲ, ಹುಳಿ ಕಡಿಮಿ ಆದ್ರ ಪುಡಿ ತಂದು ಹಾಕೂ ಅಂಗಡಿ ಇದ್ದಿಲ್ಲ. ಹುಳಿ ಬೇಕಾದ್ರ ಹುಳಿ ಇರೂ ತಳಿ ಹಚ್ಚು, ಬಣ್ಣ ಬೇಕಾದ್ರ ಬಣ್ಣದ ತಳಿ ಹಚ್ಚು, ಅಷ್ಟ.

ಇದು ಬರೇ ಅಮೆರಿಕಾದ ರೂಢಿ ಅಲ್ರಿ. ಪೋರ್ಚುಗಲ್‌ದ ಡೌರೊ ನದಿ ದಂಡಿಯ ಹಳೇ ಬಾಗದಾಗ ಒಂದ ತುಂಡಿನ್ಯಾಗ ಹತ್ತಿಪ್ಪತ್ತು ಮೂವತ್ತು ತಳಿ ಸಿಗ್ತಾವ. ವಿಯೆನ್ನಾ ಶಹರದಾಗ ಬಿಳಿ ದ್ರಾಕ್ಷಿದು ಹಿಂಗ ಮಾಡ್ತಾರ, ಅದಕ್ಕ ಗೆಮಿಶ್ಟರ್ ಸಾಟ್ಜ್ ಅಂತ ಹೆಸರು, 2013ರಿಂದ ಅದಕ್ಕ ಕಾಯ್ದೆನೂ ಅದ: ಕಮ್ಮಿ ಅಂದ್ರ ಮೂರು ತಳಿ ಇರಬೇಕು, ಯಾವ ತಳಿನೂ ಅರ್ಧಕ್ಕಿಂತ ಜಾಸ್ತಿ ಇರಬಾರದು. ಕ್ಯಾಲಿಫೋರ್ನಿಯಾದಾಗ ಹತ್ತೊಂಬತ್ತನೇ ಶತಮಾನದ ಕಡೀಗೆ ಯುರೋಪಿನಿಂದ ಬಂದ ವಲಸಿಗರು ಹಿಂಗ ಹಚ್ಚಿದ್ರು, ಅದರಾಗ ಇಟಲಿಯವ್ರು ಭಾಳ. ಸೋನೋಮಾದ ಬೆಡ್‌ರಾಕ್ ಅನ್ನೂ ಬಾಗ 1888ರಾಗ ಹಚ್ಚಿದ್ದು, ಅದರಾಗ ಇಪ್ಪತ್ತಕ್ಕಿಂತ ಜಾಸ್ತಿ ತಳಿ ಅವ.

ಆಮ್ಯಾಲ 1920ರಿಂದ 1933ರ ತನಕ ಅಮೆರಿಕಾದಾಗ ದಾರೂಬಂದಿ ಆತಲ್ಲ, ಆಗ ವೈನರಿ ಮುಚ್ಚಿದ್ವು, ಆದ್ರ ಬಾಗ ಎಲ್ಲಾ ಸಾಯಲಿಲ್ಲ. ಯಾಕಂದ್ರ ಒಂದು ಮನಿತನ ವರ್ಷಕ್ಕ 200 ಗ್ಯಾಲನ್ ಹಣ್ಣಿನ ರಸ ಮನ್ಯಾಗ ಮಾಡ್ಕೋಬಹುದು ಅಂತ ಕಾಯ್ದೆದಾಗ ಒಂದು ಕಿಂಡಿ ಇತ್ತು, ಅದರಾಗಿಂದ ರೇಲ್ವೆಯೊಳಗ ದ್ರಾಕ್ಷಿ ಶಿಕಾಗೊ, ನ್ಯೂಯಾರ್ಕಿಗೆ ಹೋಗಾಕ ಹತ್ತಿತು. ಅಷ್ಟು ದೂರ ಕೊಳೀದಂಗ ಹೋಗೂ ದಪ್ಪ ಸಿಪ್ಪಿ ತಳಿಗೆ ಆಗ ಭಾರಿ ಬೇಡಿಕಿ.

ಯಾವ ತಳಿ ಏನ್ ಕೆಲಸ ಮಾಡ್ತದ

ಕ್ಯಾಲಿಫೋರ್ನಿಯಾದ ಹಳೇ ಬಾಗದಾಗ ಮನಿ ಯಜಮಾನ ಅಂದ್ರ ಝಿನ್ಫಾಂಡೆಲ್. ಹಣ್ಣಿನ ರುಚಿ, ಸಾಕರಿ, ಘಮ ಅದರದು. (ಇದು ಮೂಲದಾಗ ಕ್ರೊಯೇಷಿಯಾದ ತಳಿ ಅಂತ ಡಿಎನ್‌ಎ ಪರೀಕ್ಷೆದಾಗ ಗೊತ್ತಾದದ್ದು 2001ರಾಗ, ಅಲ್ಲಿತನಕ ಅದರ ಮೂಲ ಪಕ್ಕಾ ಗೊತ್ತಿದ್ದಿಲ್ಲ.) ಪೆಟೀಟ್ ಸಿರಾ ಒಗರು ಕೊಡ್ತದ, ಅಡಿಕಿ ಅಗದಾಗ ಬಾಯಿ ಬಿಗಿ ಹಿಡೀತದಲ್ಲ, ಅದಕ್ಕ ಇವ್ರು ಟ್ಯಾನಿನ್ ಅಂತಾರ, ವೈನ್ ಬಾಳಿಕಿ ಬರಾಕ ಅದು ಬೇಕು. ಕ್ಯಾರಿನ್ಯಾನ್ ತಡಾ ಹಣ್ಣಾಗ್ತದ, ಹುಳಿ ಹಿಡದಿಡ್ತದ.

ಬಣ್ಣದ್ದು ಸ್ವಲ್ಪ ಬಿಡಿಸಿ ಹೇಳ್ತೀನಿ. ಶರದ್ ಸೀಡ್ಲೆಸ್‌ದ ಒಂದು ಕರೀ ಹಣ್ಣು ತಗೊಂಡು ಸಿಪ್ಪಿ ಸುಲೀರಿ. ಒಳಗ ಹಸರ-ಬಿಳಿ. ವೈನಿಗೆ ಬಳಸೂ ಕರೀ ದ್ರಾಕ್ಷಿ ಹೆಚ್ಚೂ ಕಮ್ಮಿ ಎಲ್ಲಾ ಹಿಂಗನ, ಬಣ್ಣ ಇರೂದು ಸಿಪ್ಪಿಯೊಳಗ, ರಸದಾಗ ಅಲ್ಲ. ಆದ್ರ ಅಲಿಕಾಂಟೆ ಬೂಶೆ ಅನ್ನೂ ತಳಿ, 1866ರಾಗ ಫ್ರಾನ್ಸಿನ್ಯಾಗ ಸಂಕರ ಮಾಡಿ ತಗದದ್ದು, ಅದರ ರಸಾನೂ ಬೀಟ್ರೂಟ್ ಹಿಂಡಿದಂಗ ಕೆಂಪು. ಅಂಥಾ ಗಿಡ ನೂರಕ್ಕ ನಾಕೈದು ಇದ್ರೂ ಇಡೀ ಟಾಂಕಿ ಬಣ್ಣ ಬದಲಾಗ್ತದ.

ಕೂಡೇ ಹುದುಗು ಬಂದ್ರ ಇನ್ನೊಂದು ಆಗ್ತದ. ಕೆಂಪು ಬಣ್ಣ ಒಬ್ಬಂಟಿ ಇದ್ರ ಲಗೂ ಮಾಸ್ತದ. ಬ್ಯಾರೆ ತಳಿಯೊಳಗ ಬಣ್ಣ ಇಲ್ಲದ ಕೆಲವು ಅಂಶ ಇರ್ತಾವ, ಅವು ಬಣ್ಣದ ಕಣಕ್ಕ ಅಂಟ್ಕೊಂಡು ಬಣ್ಣ ಗಟ್ಟಿ ಮಾಡ್ತಾವ. ಅದಕ್ಕನ ಫ್ರಾನ್ಸಿನ ಕೋಟ್ ರೋಟಿಯೊಳಗ ಕರೀ ಸಿರಾ ಜೊತಿಗೆ ಬಿಳಿ ವಿಯೊನ್ಯೇ ಕೂಡೇ ಹಾಕ್ತಾರ, ಬಿಳಿ ಹಾಕಿದ್ರೂ ಬಣ್ಣ ತೆಳು ಆಗೂದಿಲ್ಲ. ನನಗ ಮೊದಲ ಸಲ ಕೇಳಿದಾಗ ನಂಬಿಕಿ ಬಂದಿದ್ದಿಲ್ಲ.

ಮುದಿ ಗಿಡದ ಹಣ್ಣಿಗೆ ಯಾಕ ಬೆಲಿ

ಬೇರು ಆಳ ಹೋಗಿರ್ತದ, ಬೊಡ್ಡಿಯೊಳಗ ಶಿಲ್ಕು ಇರ್ತದ. ಅದಕ್ಕ ಒಂದು ವರ್ಷ ಬಿಸಲ ಜಾಸ್ತಿ ಆದ್ರೂ, ಮಳಿ ತಪ್ಪಿದ್ರೂ ಗಿಡ ಹೆದರೂದಿಲ್ಲ, ಹಣ್ಣು ವರ್ಷಾ ಹೆಚ್ಚೂ ಕಮ್ಮಿ ಒಂದ ನಮೂನಿ ಬರ್ತದ. ಗೊನಿ ಕಡಿಮಿ, ಹಣ್ಣು ಸಣ್ಣ. ಎಕರೆಗೆ ಒಂದೆರಡು ಟನ್ ಬಂದ್ರ ಭಾಳಾತು. ನಮ್ಮಂವ ಯಾವನರೆ ಎಕರೆಗೆ ಎರಡು ಟನ್ ಅಂತ ಹೇಳಿದ್ರ ಮನ್ಯಾಗ ಊಟ ಹಾಕೂದಿಲ್ಲ.

ಹಣ್ಣು ಸಣ್ಣ ಇದ್ರ ಏನು ಲಾಭ? ಒಂದು ಕಿಲೊ ದೊಡ್ಡ ಉಳ್ಳಾಗಡ್ಡಿ ಸುಲೀರಿ, ಒಂದು ಕಿಲೊ ಸಣ್ಣ ಉಳ್ಳಾಗಡ್ಡಿ ಸುಲೀರಿ, ಯಾವುದರ ಸಿಪ್ಪಿ ಗುಂಪಿ ದೊಡ್ಡದಾಗ್ತದ? ಸಣ್ಣದರದ್ದು. ಹಣ್ಣಿನ ಅಡ್ಡಳತಿ ಅರ್ಧ ಆದ್ರ ಅಷ್ಟ ತೂಕಕ್ಕ ಸಿಪ್ಪಿ ಎರಡು ಪಟ್ಟು. ಬಣ್ಣ, ಒಗರು, ಘಮ ಎಲ್ಲಾ ಸಿಪ್ಪಿಯೊಳಗ ಇರೂ ಮುಂದ ವೈನಿನವ್ರು ಸಣ್ಣ ಹಣ್ಣ ಹುಡಕ್ತಾರ, ನಮ್ಮ ಎಕ್ಸ್‌ಪೋರ್ಟದವ್ರು 18 ಮಿಲಿಮೀಟರ್ ಸೈಜ್ ಇಲ್ಲಂದ್ರ ಗಾಡಿನ ತರೂದಿಲ್ಲ. ಒಂದ ಬೆಳಿ, ಎರಡು ವ್ಯಾಪಾರ, ಲೆಕ್ಕ ಪೂರ್ತಿ ಉಲ್ಟಾ.

ಆದ್ರ ‘ಹಳೇದಂದ್ರ ಒಳ್ಳೇದ’ ಅಂತ ಕಣ್ಣು ಮುಚ್ಚಿ ನಂಬಬ್ಯಾಡ್ರಿ. ಕೆಟ್ಟ ಜಾಗದಾಗ ಇದ್ದ ಬಾಗ, ಕೆಟ್ಟ ತಳಿ ಇದ್ದ ಬಾಗ ಐವತ್ತು ವರ್ಷದ ಹಿಂದನ ಕಿತ್ತಿ ಹಾಕ್ಯಾರ, ಉಳದದ್ದು ಮೊದಲಿಂದಾನೂ ಚಲೋ ಇದ್ದದ್ದು. ಅಂದ್ರ ವಯಸ್ಸಿನಿಂದ ಚಲೋ ಆತೋ, ಚಲೋ ಇತ್ತಂತ ವಯಸ್ಸಾಗೂ ತನಕ ಇಟ್ಟರೋ, ಇದು ಬಿಡಿಸೂದು ತ್ರಾಸಿನ ಕೆಲಸ. ಸಣ್ಣ ವಯಸ್ಸಿನ ಗಿಡದಾಗೂ ಗೊನಿ ಕಡಿಮಿ ಬಿಟ್ಟು ಚಲೋ ಹಣ್ಣು ತಗಿಯೂ ಮಂದಿ ಅದಾರ.

ಹರಿಯೂದು ಯಾವತ್ತು? ಇರೂದು ಒಂದ ಗುಂಡು

ಇಡೀ ಕೆಲಸದಾಗ ಭಾರಿ ಪ್ರಶ್ನೆ ಇದು. ತಳಿ ಯಾವುದು, ಎಷ್ಟು ಪ್ರಮಾಣ, ಅದನ್ನ ನೂರು ವರ್ಷದ ಹಿಂದ ಹಚ್ಚಿದಂವ ಠರಾಯಿಸಿ ಹೋಗ್ಯಾನ. ಈಗ ವೈನ್ ಮಾಡಾಂವನ ಕೈಯಾಗ ಉಳದದ್ದು ತಾರೀಖು ಒಂದ.

ತೊಂದರಿ ಏನಂದ್ರ ಹತ್ತು ತಳಿ ಒಂದ ದಿನ ಹಣ್ಣಾಗೂದಿಲ್ಲ. ಝಿನ್ಫಾಂಡೆಲ್ ಪಕ್ವ ಆದಾಗ ಕ್ಯಾರಿನ್ಯಾನ್ ಇನ್ನೂ ಹುಳಿ ಇರ್ತದ. ಅಷ್ಟೂ ಸಾಲದು ಅಂತ ಝಿನ್ಫಾಂಡೆಲ್‌ದ ಒಂದ ಗೊನಿಯೊಳಗನ ಮೂರು ನಮೂನಿ. ಹುಡುಗ ಒಂದು ಗೊನಿ ಕೈಯಾಗ ಹಿಡದು ಹತ್ತರಿಂದ ವಿಡಿಯೊ ಮಾಡಿ ಕಳಿಸ್ಯಾನ: ಭುಜದ ಕಡಿ ಹಣ್ಣು ಆಗಲೇ ಸುಕ್ಕು ಬಿದ್ದು ಅರ್ಧ ಬೇದಾಣಾ (ಒಣದ್ರಾಕ್ಷಿ) ಆಗ್ಯಾವ, ನಡುವ ಗುಂಡಗ ಕರಗ ಅದಾವ, ಬಾಲದ ಕಡಿ ಒಂದೆರಡು ಇನ್ನೂ ಕೆಂಪ-ಹಸರ. ನಮ್ಮಲ್ಲಿ ಇಂಥಾ ಗೊನಿ ಬಂದ್ರ ಪ್ಯಾಕಿಂಗ್ ಹೆಣ್ಮಕ್ಕಳು ಕತ್ತರಿ ತಗೊಂಡು ಅರ್ಧ ಕಿತ್ತಿ ಒಗೀತಾರ.

ಅಲ್ಲಿ ಒಗಿಯೂದಿಲ್ಲ. ಕಾಯಿ ಇದ್ದದ್ದು ಹುಳಿ ತರ್ತದ, ಸುಕ್ಕಿದ್ದು ಸಾಕರಿ ತರ್ತದ, ನಡುವಿಂದು ಹಣ್ಣಿನ ರುಚಿ. ಎಲ್ಲಾ ಕೂಡಿ ಸರಾಸರಿ ಸರಿ ಬರಬೇಕು. ಅದಕ್ಕ ಬ್ರಿಕ್ಸ್, ಅಂದ್ರ ರಸದಾಗಿನ ಸಾಕರಿ ಅಳತಿ, ನೋಡೂ ಪದ್ಧತಿನೂ ಬ್ಯಾರೆ. ಒಂದು ಚಲೋ ಗೊನಿ ನೋಡಿ ನಾಕು ಹಣ್ಣು ಹಿಂಡಿದ್ರ ಆಗೂದಿಲ್ಲ. ಸಾಲು ಸಾಲು ನಡಕೋತ, ಕಣ್ಣಿಗೆ ಕಂಡದ್ದು ಆರಸದ, ಎಷ್ಟನೇ ಗಿಡ ಬರ್ತದೋ ಅದರದು, ಬಿಸಲ ಕಡಿಯ ಹಣ್ಣು ನೆರಳ ಕಡಿಯ ಹಣ್ಣು ಎರಡೂ, ಹಿಂಗ ನೂರು-ಇನ್ನೂರು ಹಣ್ಣು ಕೂಡಿಸಿ ಚೀಲದಾಗ ಹಿಸುಕಿ ಆ ರಸ ನೋಡಬೇಕು. ಆಗ ಇಡೀ ಬಾಗದ ಲೆಕ್ಕ ಸಿಗ್ತದ. ಕೆಂಪು ವೈನಿಗೆ ಸುಮಾರು 24–25 ಬ್ರಿಕ್ಸ್ ಬಂದಾಗ ಹರೀತಾರ, ತಿನ್ನೂ ಹಣ್ಣು ನಾವು 18ರ ಆಸುಪಾಸಿಗೇ ಹರೀತೀವಿ.

ಕೆಲವರು ಎರಡು ಸಲ ಹರೀತಾರ, ಮೊದಲ ಹಣ್ಣಾದ ತಳಿ ಒಂದು ಸಲ, ಉಳದದ್ದು ಎಂಟ್ಹತ್ತು ದಿನ ಬಿಟ್ಟು. ಅದು ತಪ್ಪಲ್ಲ, ಆದ್ರ ಹಳೇ ಪದ್ಧತಿ ಹಿಡದವ್ರು ‘ಹಂಗಾದ್ರ ಅದು ಫೀಲ್ಡ್ ಬ್ಲೆಂಡ್ ಹ್ಯಾಂಗ ಆತು’ ಅಂತ ತಕರಾರು ತಗೀತಾರ. ನನಗೂ ಅವರ ಮಾತ ಸರಿ ಅನಸ್ತದ.

ಟಾಂಕಿಯೊಳಗ ಏನ್ ನಡೀತದ

ನಸಕಿನ್ಯಾಗ ಹರೀತಾರ, ಹಣ್ಣು ಥಂಡ ಇರಲಿ ಅಂತ. ಯಂತ್ರದಾಗ ದೇಟು ಬಿಡಿಸಿ ಹಣ್ಣು ಅಷ್ಟ ಟಾಂಕಿಗೆ ಬೀಳ್ತದ, ಪೂರ್ತಿ ಜಜ್ಜೂದಿಲ್ಲ. ಬ್ಯಾಡಾದ ಹುಳ-ಜೀವ ಏಳಬಾರದು ಅಂತ ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಹಾಕ್ತಾರ. ಒಂದೆರಡು ದಿನ ಥಂಡಿನ್ಯಾಗ ಹಂಗ ನೆನೀಲಿ ಅಂತ ಬಿಡೂರೂ ಅದಾರ.

ಇಲ್ಲಿ ಝಿನ್ಫಾಂಡೆಲ್ ಒಂದು ಮೋಸ ಮಾಡ್ತದ, ಬೇದಾಣಾ ಮಾಡೂ ನಮ್ಮ ಮಂದಿಗೆ ಇದು ಲಗೂ ತಿಳೀತದ. ಮೊದಲ ದಿನ ರಸ ನೋಡಿದ್ರ 24 ಬ್ರಿಕ್ಸ್ ಅಂತ ತೋರಸ್ತದ, ಎರಡು ದಿನ ಬಿಟ್ಟು ನೋಡಿದ್ರ 26. ಸಾಕರಿ ಯಾರೂ ಹಾಕಿಲ್ಲ. ಸುಕ್ಕಿದ ಹಣ್ಣು ನೀರಾಗ ಹಾಕಿದ ಬೇದಾಣಾ ಹಂಗ ರಸದಾಗ ಉಬ್ಬಿ, ತನ್ನೊಳಗಿನ ಸಾಕರಿ ಆಮ್ಯಾಲ ಬಿಡ್ತದ. ಇದು ಗೊತ್ತಿಲ್ಲದಂವ ವೈನ್ 14 ಪರ್ಸೆಂಟ್ ಆಗ್ತದಂತ ತಿಳ್ಕೊಂಡಿರ್ತಾನ, 15 ದಾಟಿರ್ತದ. ಲೆಕ್ಕ ಸರಳ ಅದ, ಬ್ರಿಕ್ಸ್ ಎಷ್ಟದ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಲ್ಕೊಹಾಲ್ ಆಗ್ತದ.

ಆಮ್ಯಾಲ ಹುದುಗು. ಯೀಸ್ಟ್ ಅನ್ನೂ ಕಣ್ಣಿಗೆ ಕಾಣದ ಜೀವ ಸಾಕರಿ ತಿಂದು ಆಲ್ಕೊಹಾಲ್, ಕಾರ್ಬನ್ ಡೈಆಕ್ಸೈಡ್, ಕಾವು ಮೂರನ್ನೂ ಬಿಡ್ತದ. ಹೊಲದಿಂದ, ವೈನರಿಯಿಂದ ತಾನ ಬಂದ ಯೀಸ್ಟ್ ಮ್ಯಾಲ ಬಿಡೂರು ಕೆಲವರು, ಪಾಕೀಟ್ ಯೀಸ್ಟ್ ಹಾಕೂರು ಕೆಲವರು. ದ್ವಾಸಿ ಹಿಟ್ಟು ತಾನ ಉಬ್ಬಲಿ ಅಂತ ಬಿಡೂದಕ್ಕೂ, ಸೋಡಾ ಹಾಕೂದಕ್ಕೂ ಇರೂ ಫರಕ್ ಅಂತ ಒಬ್ಬರು ಹೇಳಿದ್ರು, ಅದು ಪೂರ್ತಿ ಸರಿ ಅಲ್ಲ, ಎರಡೂ ಕಡಿ ಯೀಸ್ಟನ ಕೆಲಸ ಮಾಡ್ತದ, ಒಂದು ಊರಿನ ಆಳು, ಇನ್ನೊಂದು ಗುತ್ತಿಗಿ ಆಳು ಅನ್ರಿ.

ಗ್ಯಾಸ್ ಏಳೂದಕ್ಕ ಸಿಪ್ಪಿ ಎಲ್ಲಾ ಮ್ಯಾಲ ತೇಲಿ ಒಂದು ದಪ್ಪ ಪದರ ಕಟ್ತದ, ಅದಕ್ಕ ಕ್ಯಾಪ್ ಅಂತಾರ. ಹಂಗ ಬಿಟ್ರ ಮ್ಯಾಲಿಂದು ಒಣಗಿ ಹುಳಿ ವಾಸನಿ ಬರ್ತದ, ಕೆಳಗಿನ ರಸಕ್ಕ ಬಣ್ಣ ಇಳಿಯೂದಿಲ್ಲ. ಅದಕ್ಕ ದಿನಕ್ಕ ಎರಡು-ಮೂರು ಸಲ ಅದನ್ನ ಕೆಳಗ ತುಳೀಬೇಕು ಇಲ್ಲಾ ಕೆಳಗಿನ ರಸ ಪಂಪ್‌ದಿಂದ ಎತ್ತಿ ಮ್ಯಾಲ ಸುರೀಬೇಕು. ನಾಶಿಕದಾಗ ಮುಂಜಾನೆ ಆರಕ್ಕ ನನ್ನ ಪಾಳಿ ಇರ್ತಿತ್ತು. ಉದ್ದ ಕೋಲಿಗೆ ಸ್ಟೀಲ್ ತಾಟು ಹಚ್ಚಿರ್ತಾರ, ಮೊದಲ ಒತ್ತಿದಾಗ ಕೆಳಗ ಹೋಗೂದ ಇಲ್ಲ, ಹಾಸಿಗಿ ಮ್ಯಾಲ ಒತ್ತಿದಂಗ. ಒಮ್ಮಿ ತೂತ ಬಿತ್ತಂದ್ರ ಕೆಳಗಿಂದ ಜಾಂಬಳಿ ಬಣ್ಣದ ನೊರಿ ಬುಸ್ ಅಂತ ಮ್ಯಾಲ ಬರ್ತದ. ಕೈ ಇಟ್ಟು ನೋಡಿದ್ರ ಸಿಪ್ಪಿಯ ಪದರ ಜ್ವರ ಬಂದ ಹಣಿ ಹಂಗ ಬೆಚ್ಚಗ, ಕೆಳಗಿನ ರಸ ಥಂಡ. ಟಾಂಕಿಯೊಳಗ ತಲಿ ಹಾಕಾಕ ಮಾತ್ರ ಯಾರನ್ನೂ ಬಿಡ್ತಿದ್ದಿಲ್ಲ, ಫ್ಯಾನ್ ಚಾಲೂ, ಬಾಗಲಾ ತೆರದದ್ದು, ಕೂಡ ಇನ್ನೊಬ್ಬ ಆಳು. ಆ ಗ್ಯಾಸ್ ಹಾಳಬಾವಿಯೊಳಗಿನ ಗ್ಯಾಸಿನಂಗ, ಬಣ್ಣ ಇಲ್ಲ, ಮಂದಿ ಬಿದ್ದು ಸಾಯ್ತಾರ.

ಕಾವು 25ರಿಂದ 30 ಡಿಗ್ರಿ ನಡುವ ಇಡ್ತಾರ. ಭಾಳ ಏರಿದ್ರ ಯೀಸ್ಟ್ ಸಾಯ್ತದ, ಭಾಳ ಇಳದ್ರ ಬಣ್ಣ, ಒಗರು ಸರಿ ಇಳಿಯೂದಿಲ್ಲ. ಫೀಲ್ಡ್ ಬ್ಲೆಂಡ್ ಅಂತ ಇಲ್ಲಿ ವಿಶೇಷ ಮಶೀನ್ ಏನೂ ಇಲ್ಲ. ವಿಶೇಷ ಇರೂದು ಕೈ ಕಟ್ಟಿ ಹಾಕಿದ್ದು: ಪೆಟೀಟ್ ಸಿರಾದ ಒಗರು ಜಾಸ್ತಿ ಆತು, ಅದನ್ನ ಅಷ್ಟ ಲಗೂ ಹಿಂಡಿ ತಗೀತೀನಿ ಅಂದ್ರ ಆಗೂದಿಲ್ಲ, ಎಲ್ಲಾ ಒಂದ ಟಾಂಕಿನ್ಯಾಗ ಕಲತು ಹೋಗ್ಯಾವ. ದಿನಾ ರುಚಿ ನೋಡಿ, ತುಳಿಯೂದು ಜಾಸ್ತಿ ಕಮ್ಮಿ ಮಾಡ್ಕೋತ ನಡೀಬೇಕು, ಅಷ್ಟ.

ಹಿಂಡಿದ ಮ್ಯಾಲ

ಒಂದು-ಎರಡು ವಾರಕ್ಕ ಸಾಕರಿ ಮುಗೀತದ, ಹಿಂಡಿ ಸಿಪ್ಪಿ-ಬೀಜ ತಗೀತಾರ. ಒಂದು ಟನ್ ಹಣ್ಣಿಗೆ ಸುಮಾರು 600–650 ಲೀಟರ್ ವೈನ್ ಬರ್ತದ.

ಇನ್ನೊಂದು ಹುದುಗು ಬಾಕಿ ಇರ್ತದ, ಇದನ್ನ ಮಾಡೂದು ಯೀಸ್ಟ್ ಅಲ್ಲ, ಬ್ಯಾಕ್ಟೀರಿಯಾ. ಹಸೀ ಸೇಬಿನ್ಯಾಗ ಇರೂ ಚುರುಕು ಹುಳಿಗೆ ಮ್ಯಾಲಿಕ್ ಆ್ಯಸಿಡ್ ಅಂತಾರ, ಅದನ್ನ ಇದು ಲ್ಯಾಕ್ಟಿಕ್ ಆ್ಯಸಿಡ್ ಮಾಡ್ತದ, ಅಂದ್ರ ಮಸರಿನ ಹುಳಿ. ಹುಣಸಿಕಾಯಿ ಹುಳಿ ಹೋಗಿ ಮಜ್ಜಿಗಿ ಹುಳಿ ಬಂದಂಗ, ವೈನ್ ಬಾಯಾಗ ಮೆತ್ತಗ ಆಗ್ತದ.

ಆಮ್ಯಾಲ ಓಕ್ ಕಟಗಿಯ ಬ್ಯಾರಲ್, ಸಾಮಾನ್ಯ 225 ಲೀಟರಿಂದು, ಒಂದರಾಗ 300 ಬಾಟ್ಲಿ ಆಗ್ತಾವ. ಹೊಸಾ ಬ್ಯಾರಲ್ ಕಟಗಿ ವಾಸನಿ ಭಾಳ ಕೊಡ್ತದಂತ ಹಳೇ ಬಾಗದ ಹಣ್ಣಿಗೆ ಭಾಳ ಮಂದಿ ಬಳಸಿದ ಹಳೇ ಬ್ಯಾರಲ್ಲೇ ಹಾಕ್ತಾರ. ಒಂದು ವರ್ಷ, ಒಂದೂವರಿ ವರ್ಷ ಇಡ್ತಾರ, ಆರಿ ಕಡಿಮಿ ಆದಷ್ಟು ಮ್ಯಾಲ ತುಂಬಕೋತ ಹೋಗ್ತಾರ, ಗಾಳಿ ಜಾಗ ಇರಬಾರದು.

ಬಾಟ್ಲಿ ಮ್ಯಾಲಿನ ಹೆಸರಿನ್ಯಾಗೂ ಒಂದು ಗಮ್ಮತ್ತದ. ಅಮೆರಿಕಾದ ಕಾಯ್ದೆ ಪ್ರಕಾರ ಒಂದು ತಳಿ ಹೆಸರು ಹಾಕಬೇಕಂದ್ರ 75 ಪರ್ಸೆಂಟ್ ಅದೇ ತಳಿ ಇರಬೇಕು. ಮಿಶ್ರ ಬಾಗದಾಗ ಅಷ್ಟು ಇರೂದಿಲ್ಲ ಎಷ್ಟೋ ಸಲ. ಅದಕ್ಕ ರಿಜ್ ಅನ್ನೂ ವೈನರಿ 1966ರಿಂದ ಮಾಡೂ ಗೈಸರ್‌ವಿಲ್ ವೈನಿಗೆ ಜಾಗದ ಹೆಸರನ ಮುಂದ ಇಟ್ಟದ.

ಹಂಗಾದ್ರ ನಮ್ಮ ಬಾಗದಿಂದ?

ಗ್ರೂಪಿನ್ಯಾಗ ಭಾಳ ಮಂದಿ ಕೇಳಿದ್ದು ಇದನ್ನ. ಥಾಮ್ಸನ್, ಸೋನಾಕಾ, ತಾಸ್-ಏ-ಗಣೇಶ ಇವೆಲ್ಲಾ ಬಿಳಿ, ಬಣ್ಣ ಇಲ್ಲ. ಬೀಜ ಇಲ್ಲ, ಅದಕ್ಕ ಬೀಜದ ಒಗರೂ ಇಲ್ಲ. ಜಿಎ ಅನ್ನೂ ಹಾರ್ಮೋನ್ ಹೊಡದು ಹಣ್ಣು ಉಬ್ಬಿಸಿರ್ತೀವಿ, ಸಿಪ್ಪಿ ಲೆಕ್ಕ ಅಲ್ಲಿಗೆ ಮುಗೀತು. ಅದರಿಂದ ಕೆಂಪು ವೈನ್ ಆಗೂದ ಇಲ್ಲ. ಶರದ್‌ಗೆ ಬಣ್ಣ ಅದ, ಉಳದ ಎರಡು ಇಲ್ಲ. ವಯಸ್ಸಿನ ಪ್ರಶ್ನೆ ಆಮ್ಯಾಲ ಬರ್ತದ, ಮೊದಲ ತಳಿ.

ಇನ್ನ ವಯಸ್ಸಿಂದು. ಅಲ್ಲಿ ಚಳಿಗಾಲಕ್ಕ ಗಿಡ ಎಲಿ ಉದುರಿಸಿ ಮೂರು-ನಾಕು ತಿಂಗಳು ಮಲಗ್ತದ, ಬೊಡ್ಡಿ-ಬೇರಿನ್ಯಾಗ ಶಿಲ್ಕು ಹಂಗ ಉಳೀತದ. ನಮ್ಮಲ್ಲಿ ಗಿಡಕ್ಕ ನಿದ್ದಿ ಇಲ್ಲ. ಏಪ್ರಿಲ್‌ದಾಗ ಒಂದು ಛಾಟಣಿ, ಅಕ್ಟೋಬರ್‌ದಾಗ ಒಂದು, ಎಕರೆಗೆ ಹತ್ತು ಟನ್ ತಗೋತೀವಿ. ಅಂಥಾ ಗಿಡ ಹದಿನೈದಕ್ಕ ಸುಸ್ತಾದ್ರ ಅದರ ತಪ್ಪಲ್ಲ. ಲೋಡಾಯ್‌ದ ಉಸುಕಿನ್ಯಾಗ ಬೇರು ತಿನ್ನೂ ಫಿಲಾಕ್ಸೆರಾ ಹುಳ ಬೆಳಿಯೂದಿಲ್ಲ, ಅದಕ್ಕ ಅಲ್ಲಿ ಎಷ್ಟೋ ಗಿಡ ಸ್ವಂತ ಬೇರಿನ ಮ್ಯಾಲ ನಿಂತಾವ, ನಮ್ಮವು ಉಪ್ಪು ನೀರು ತಡೀಲಿ ಅಂತ ಡಾಗ್‌ರಿಜ್ ಅನ್ನೂ ಬ್ಯಾರೆ ಬೇರಿನ ಗಿಡದ ಮ್ಯಾಲ ಕಸಿ ಮಾಡಿದ್ದು.

ವೈನ್ ತಳಿ ಹಚ್ಚೂ ವಿಚಾರ ಇದ್ದವ್ರು ಮೊದಲ ಕೊಳ್ಳಾಂವ ಯಾರು ಅಂತ ನೋಡ್ಕೋರಿ. ಸಾಂಗ್ಲಿ ಜಿಲ್ಲಾದ ಪಲೂಸದಾಗ ಸರಕಾರ ವೈನ್ ಪಾರ್ಕ್ ಮಾಡ್ಯದ, ಆದ್ರ ಮಹಾರಾಷ್ಟ್ರದ ಬಹಳಷ್ಟು ವೈನರಿ ಇರೂದು ನಾಶಿಕ ಕಡಿ. ಕರಾರ್ ಕಾಗದ ಇಲ್ಲದ ವೈನ್ ದ್ರಾಕ್ಷಿ ಹಚ್ಚಿದ್ರ ಆ ಹಣ್ಣು ಪ್ಯಾಟಿನ್ಯಾಗ ತಿನ್ನಾಕ ಯಾರೂ ತಗೊಳ್ಳೂದಿಲ್ಲ, ಬರೇ ಬೀಜ ಬರೇ ಸಿಪ್ಪಿ. ಮನ್ಯಾಗ ಒಂದು ಕೊಡ ಮಾಡಿ ನೋಡೋಣು ಅನ್ನೂರಿಗೆ ಒಂದ ಮಾತು: ಲೈಸೆನ್ಸ್ ಇಲ್ಲದ ಮಾಡೂದು ಗುನ್ಹಾ.

ಒಬ್ಬ ಕಾಕಾ ಕೇಳಿದ್ರು, ಅಷ್ಟು ಹಳೇ ಬಾಗದಾಗ ಒಂದು ಗಿಡ ಸತ್ತ್ರ ಆ ಜಾಗದಾಗ ಏನ್ ಹಚ್ಚತಾರ ಅಂತ. ನಾ ಹುಡುಗನ್ನ ಕೇಳಿದ್ನಿ. ಅದೇ ಬಾಗದ ಗಿಡದ ಕಡ್ಡಿನ ತಗೊಂಡು ಹಚ್ಚತಾರಂತ, ಹೊರಗಿನ ನರ್ಸರಿದು ತರೂದಿಲ್ಲಂತ. ತಳಿ ಗೊತ್ತಿಲ್ಲದ ಗಿಡಾನೂ ಅವ, ಎಲಿ ನೋಡಿ ತಿಳೀಲಿಲ್ಲಂದ್ರ ಡಿಎನ್‌ಎಗೆ ಕಳಸ್ತಾರ. ಇಂವ ಕೆಲಸ ಮಾಡೂ ತುಂಡಿನ್ಯಾಗ ಅಂಥಾವು ಆರು ಗಿಡಕ್ಕ ಕೆಂಪು ರಿಬ್ಬನ್ ಕಟ್ಯಾರ, ಫೋಟೊ ಕಳಿಸ್ಯಾನ. ಹೆಸರು ಇನ್ನೂ ಬಂದಿಲ್ಲ, ಹಣ್ಣು ಹೋದ ಮಂಗಳವಾರನ ಉಳದದ್ದರ ಕೂಡ ಟಾಂಕಿಗೆ ಹೋತಂತ.